ಅಳಿಲಣ್ಣನ ಒಳಗಿದ್ದವಳು

ನನ್ನ ನಾದಿನಿ ಅಳಿಲಾದದ್ದು ತನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಅವಳು ಮನುಷ್ಯಳಾಗಿಯೇ ಇದ್ದಳು, 'ಕರುಂ' ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿಕೊಂಡು. ಕರುಂ ಅಂದರೆ ಬೆಳಗಿನ ಹೊತ್ತು ಬಟ್ಟಲಿಗೆ ಸುರಿದು ಹಾಲು ಹಾಕಿಕೊಂಡು ತಿನ್ನುತ್ತಾರಲ್ಲ, ಆ ಕಾರ್ನ್‌ಫ್ಲೇಕ್ಸ್. ನಮ್ಮ ಊರಿನ ಅರ್ಧ ಜನ ಅದನ್ನು ತಯಾರಿಸುತ್ತಿದ್ದರು, ಇನ್ನರ್ಧ ಜನ ತಿನ್ನುತ್ತಿದ್ದರು. ಗಾಳಿ ಕಾರ್ಖಾನೆಯ ಕಡೆಯಿಂದ ಬೀಸಿತೆಂದರೆ ಒಣಗಲು ಹಾಕಿದ ಬಟ್ಟೆಗೂ ಹುರಿದ ಜೋಳದ ಪರಿಮಳ ಅಂಟಿಕೊಳ್ಳುತ್ತಿತ್ತು.

ಅವಳ ನಿಜವಾದ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ಕಿಸಕ್ಕ. ಯಾವಾಗ ನೋಡಿದರೂ ಕಿಸಕ್ಕನೆ ನಗುವವಳು. ಜೊತೆಗೆ ಪ್ಯಾಕಿಂಗ್ ಕೋಣೆಯ ಹುಡುಗಿಯರಿಗೆಲ್ಲ ಅಕ್ಕ. ಎರಡೂ ಒಂದೇ ಹೆಸರಿನಲ್ಲಿ ಮುಗಿದುಹೋಗಿತ್ತು. ಅವಳ ನಗು ಅಂತಿಂಥ ನಗುವಲ್ಲ. ಮೊದಲು ಮೂಗಿನಲ್ಲಿ ಸಣ್ಣದೊಂದು ಸೀಟಿ. ಆಮೇಲೆ ಭುಜ ಕುಣಿಯಲು ಶುರು. ಅಲ್ಲಿಂದ ಹೊಟ್ಟೆಗೆ ಇಳಿದು, ಕಡೆಗೆ ಸದ್ದೇ ಇಲ್ಲದೆ ಇಡೀ ಮೈ ಗಡಗಡ ಅಲ್ಲಾಡಿ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದೂ ನಗಬಾರದ ಕಡೆಯೇ ಬರುವುದು. ಸಾವಿನ ಮನೆಯಲ್ಲಿ ಬಂದಿದೆ. ಹಲ್ಲಿನ ಡಾಕ್ಟರು ಬಾಯೊಳಗೆ ಇಕ್ಕಳ ಇಟ್ಟಾಗ ಬಂದಿದೆ. ಅವರು ಹೆದರಿ ಪಕ್ಕದ ಒಳ್ಳೆಯ ಹಲ್ಲನ್ನು ಕಿತ್ತರು.

ಮದುವೆಯ ಮಾತು ಬಂದಾಗಲೂ ಇದೇ ಕಥೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ನಮ್ಮ ಮನೆಗೇ ಬಂದು, "ನಿಮ್ಮನ್ನ ಹೂವಿನ ಥರ ನೋಡ್ಕೋತೀನಿ" ಎಂದು ಎದೆಯ ಮೇಲೆ ಕೈಯಿಟ್ಟರು. ಅದೇ ಕ್ಷಣಕ್ಕೆ ಅವರ ಅಂಗಿಯ ಗುಂಡಿ ಕಿತ್ತು ಕಾಫಿ ಲೋಟದೊಳಕ್ಕೆ ಬಿತ್ತು. ಕಿಸಕ್ಕ ನಕ್ಕ ನಗುವಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಪಾಪ, ಅವರು ಕಾಫಿಯನ್ನೂ ಕುಡಿಯದೆ, ಗುಂಡಿಯನ್ನೂ ತೆಗೆದುಕೊಳ್ಳದೆ ಎದ್ದುಹೋದರು. ಆಮೇಲೆ ಬಂದ ಇನ್ನೊಬ್ಬರು ಸ್ವಂತ ಕವಿತೆ ಓದಿದರು. ಅದರ ವಿಷಯ ಬೇಡ ಬಿಡಿ.

ನಮ್ಮತ್ತೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. "ಬಾಯಿಗೊಂದು ಬೀಗ ಹಾಕ್ಕೊಳ್ಳೇ ಮಾರಾಯ್ತಿ!"

"ಬೀಗ ಹಾಕಿದ್ರೆ ಮೂಗಿಂದ ಬರತ್ತಮ್ಮ."

ನಿಜ, ಬರುತ್ತಿತ್ತು.

ಪ್ಯಾಕಿಂಗ್ ಕೋಣೆಯಲ್ಲಿ ಅವಳ ಜಾಗ ಬೆಲ್ಟಿನ ಕೊನೆಯಲ್ಲಿ. ಮೇಲಿನ ಕೊಳವೆಯಿಂದ ಚಕ್ಕೆಗಳು ಚೀಲಕ್ಕೆ ಸುರಿದು, ಚೀಲ ಡಬ್ಬಕ್ಕೆ ಇಳಿದು, ಡಬ್ಬದ ಬಾಯಿಗೆ ಅಂಟು ಬಿದ್ದು ಸಾಲಾಗಿ ತೂಕದ ಯಂತ್ರದ ಮೇಲೆ ಬರುತ್ತಿದ್ದವು. ತೂಕ ಕಡಿಮೆ ಬಂದ ಡಬ್ಬವನ್ನು ಒಂದು ಪುಟ್ಟ ಕಬ್ಬಿಣದ ಕೈ 'ಹೋಗಾಚೆ' ಎಂದು ಗದರಿದ ಹಾಗೆ ಪಕ್ಕಕ್ಕೆ ತಳ್ಳುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ನಗು. ಇಪ್ಪತ್ತು ವರ್ಷ ಅದೇ ಕೈ, ಅದೇ ನಗು.

ಮೂಲೆ ಜಜ್ಜಿದ ಡಬ್ಬಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಹಾಗಾಗಿ ಕರುಂನ ಇಡೀ ಚರಿತ್ರೆ ನಮ್ಮ ಅಡುಗೆಮನೆಯ ಶೆಲ್ಫಿನ ಮೇಲೆ ನಡೆಯಿತು. ನಾನು ಸೊಸೆಯಾಗಿ ಬಂದಾಗ ಅಲ್ಲಿದ್ದದ್ದು ಹಳದಿ ಡಬ್ಬದ ಸಾದಾ ಕರುಂ ಒಂದೇ. ನನ್ನ ಮಗಳು ಹುಟ್ಟುವಷ್ಟರಲ್ಲಿ ಜೇನು ಕರುಂ ಬಂತು, ಅವಳು ಶಾಲೆಗೆ ಸೇರುವಷ್ಟರಲ್ಲಿ ಉಂಗುರ ಕರುಂ. ಆಮೇಲೆ ಕಂಪನಿಗೆ ಅದೇನು ಹುಚ್ಚು ಹಿಡಿಯಿತೋ, ನಕ್ಷತ್ರದ ಆಕಾರದ್ದು, ಬಾಳೆಹಣ್ಣಿನ ರುಚಿಯದು, ಬಾದಾಮಿಯದು, ಸಕ್ಕರೆ ಕಾಯಿಲೆಯವರಿಗೆ ಸಿಹಿ ಇಲ್ಲದ್ದು, ಮೈ ಇಳಿಸುವವರಿಗೆ ರುಚಿಯೇ ಇಲ್ಲದ್ದು, ಹೀಗೆ ತಿಂಗಳಿಗೊಂದು ಬಣ್ಣದ ಡಬ್ಬ ಬರಲು ಶುರುವಾಯಿತು. ಅಂಗಡಿಯಲ್ಲಿ ಯಾರೂ ಮೂಸದ ರುಚಿಗಳು ಮೂಲೆ ಜಜ್ಜದೆಯೇ ನಮ್ಮ ಮನೆ ಸೇರುತ್ತಿದ್ದವು. ಟೊಮೇಟೊ ಕರುಂ ಹಾಕಿದರೆ ಹಾಲು ಒಡೆದುಹೋಗುತ್ತಿತ್ತು. ಪುದೀನ ಕರುಂ ತಿಂದರೆ ಹಲ್ಲುಜ್ಜಿದ ಮೇಲೆ ಇನ್ನೊಮ್ಮೆ ಹಲ್ಲುಜ್ಜಿದ ಹಾಗಾಗುತ್ತಿತ್ತು. ನನ್ನ ಗಂಡ ಮನೆಗಳಿಗೆ ಬಣ್ಣ ಬಳಿಯುವ ಮೇಸ್ತ್ರಿ. ಬಣ್ಣದ ವಾಸನೆಗೆ ಅವರ ಮೂಗು ಎಂದೋ ಸತ್ತುಹೋಗಿದ್ದರಿಂದ ಏನು ಬಡಿಸಿದರೂ "ಚೆನ್ನಾಗಿದೆ" ಎಂದು ತಿಂದು ಏಳುತ್ತಿದ್ದರು. ನಮ್ಮತ್ತೆಯದು ಕಟ್ಟಿಸಿದ ಹಲ್ಲು. "ಬೆಳಿಗ್ಗೆ ಬೆಳಿಗ್ಗೆ ಸದ್ದು ಮಾಡೋ ತಿಂಡಿ ಯಾಕ್ರೇ?" ಎಂದು ಗೊಣಗಿ, ಬಟ್ಟಲಿಗೆ ಹಾಲು ಸುರಿದು, ಚಕ್ಕೆಗಳೆಲ್ಲ ಬಾಯಿ ಮುಚ್ಚಿಕೊಂಡ ಮೇಲೆ ಮಾತ್ರ ಚಮಚ ಹಾಕುತ್ತಿದ್ದರು.

ಎಲ್ಲ ಡಬ್ಬದ ಮೇಲೂ ಒಂದು ಅಳಿಲಿನ ಚಿತ್ರ ಇರುತ್ತಿತ್ತು. ಮಕ್ಕಳು ಅದನ್ನು ಅಳಿಲಣ್ಣ ಅನ್ನುತ್ತಿದ್ದರು. ಚಾಕೊಲೇಟು ತುಂಬಿದ ದಿಂಬು ಕರುಂ ಬರುವ ವರ್ಷ, ಕಂಪನಿಯ ಪ್ರಚಾರದ ಸಾಹೇಬರಿಗೆ ಅಳಿಲಣ್ಣನನ್ನು ಡಬ್ಬದಿಂದ ಇಳಿಸಿ ಅಂಗಡಿಗಳಲ್ಲಿ ನಡೆಸಬೇಕು ಅನ್ನುವ ಆಸೆ ಹುಟ್ಟಿತು. ವೇಷ ಹೊಲಿಸಿದರು. ಸ್ಪಂಜಿನ ದಪ್ಪ ತಲೆ, ಕಂದು ಕೂದಲಿನ ಮೈ, ತಂತಿ ಕಟ್ಟಿ ಮೇಲಕ್ಕೆತ್ತಿದ ಬಾಲ. ಹಾಕಿಕೊಳ್ಳಲು ಒಬ್ಬ ನಾಟಕದವನನ್ನೂ ಗೊತ್ತು ಮಾಡಿದರು. ದಿಂಬು ಕರುಂ ಬಿಡುಗಡೆಯ ಬೆಳಿಗ್ಗೆ ಆತ ವೇಷ ತೊಟ್ಟ, ಕೂದಲು ಮೂಗಿಗೆ ತಾಕಿತು, ಆ ಮುಚ್ಚಿದ ತಲೆಯೊಳಗೆ ಸೀನತೊಡಗಿದ. ಸೀನು ನಿಂತಿತು ಅಂದ ಮೇಲೂ ಇನ್ನೆರಡು ಸೀನಿ, ತಲೆ ಕಳಚಿಟ್ಟು ಹೊರಟೇಹೋದ.

ಸಾಹೇಬರು ಟೈ ಹೆಗಲ ಮೇಲೆ ಹಾರಿಸಿಕೊಂಡು ಪ್ಯಾಕಿಂಗ್ ಕೋಣೆಗೆ ಓಡಿಬಂದರು. "ನಾಲ್ಕೂ ಮುಕ್ಕಾಲು ಅಡಿ ಯಾರಿದ್ದೀರಿ?"

ಎಲ್ಲರೂ ಕಿಸಕ್ಕನನ್ನು ನೋಡಿದರು. ಕಿಸಕ್ಕ ಹಿಂದೆ ತಿರುಗಿ ನೋಡಿದಳು. ಹಿಂದೆ ಗೋಡೆ.

"ಕುಣಿಯೋಕೆ ಬರತ್ತಾ?"

"ಇಲ್ಲ ಸಾರ್."

"ಕೈ ಬೀಸೋಕೆ?"

"ಅದು ಬರತ್ತೆ."

"ಸಾಕು, ಬನ್ನಿ. ಮಾತಾಡಬೇಡಿ ಅಷ್ಟೇ. ಅಳಿಲು ಮಾತಾಡಲ್ಲ."

ಹೀಗೆ ಅವಳು ಅಳಿಲಾದಳು. ನಮ್ಮ ಊರಿನ ದೊಡ್ಡ ಅಂಗಡಿಯ ನಡುವೆ ದಿಂಬು ಕರುಂ ಡಬ್ಬಗಳನ್ನು ಗೋಪುರದ ಹಾಗೆ ಪೇರಿಸಿದ್ದರು. ಅಳಿಲಿನ ಬಾಯಲ್ಲಿದ್ದ ಜಾಲರಿಯಿಂದ ಅವಳಿಗೆ ಎದುರಿನದಷ್ಟೇ ಕಾಣುತ್ತಿತ್ತು. ಒಂದು ಪುಟ್ಟ ಹುಡುಗಿ ಬಂದು ಅವಳನ್ನು ಮೇಲಿಂದ ಕೆಳಗೆ ನೋಡಿ, ತುಂಬ ಗಂಭೀರವಾಗಿ, "ನಿಂಗೆ ಹಲ್ಲು ಉಜ್ಜಿಸೋರು ಯಾರು?" ಎಂದು ಕೇಳಿದಳು. ಮುಗಿಯಿತು. ಸೀಟಿ ಹೊರಟಿತು, ಭುಜ ಹಾರಿತು, ಹೊಟ್ಟೆ ಕುಣಿಯಿತು. ಹೊರಗೆ ನಿಂತವರಿಗೆ ನಗು ಕಾಣದು, ಕೇಳದು. ಕಂಡದ್ದು ಕಿವಿಯ ತುದಿಯಿಂದ ಪಾದದವರೆಗೆ ಥರಗುಟ್ಟುವ ಅಳಿಲು, ಮತ್ತು ಹುಚ್ಚೆದ್ದು ಅತ್ತಿತ್ತ ಬೀಸುವ ಬಾಲ. ಮಕ್ಕಳು ಕೇಕೆ ಹಾಕಿದರು. ಬಾಲ ಗೋಪುರಕ್ಕೆ ಬಡಿದು ಡಬ್ಬಗಳು ದಡದಡ ಉರುಳಿದವು. ಸಾಹೇಬರು ತಲೆ ಹಿಡಿದುಕೊಂಡರು. ಆದರೆ ಮಕ್ಕಳು ಅದನ್ನು ಆಟವೆಂದೇ ತಿಳಿದು, ಓಡಿಬಂದು ಗೋಪುರವನ್ನು ಮತ್ತೆ ಪೇರಿಸಿ, "ಇನ್ನೊಂದ್ಸಲ ಅಳಿಲಣ್ಣ, ಇನ್ನೊಂದ್ಸಲ!" ಅಂದರು. ಅವಳಿಗೆ ಇನ್ನೂ ನಗು. ಬಾಲ ಮತ್ತೆ ಬೀಸಿತು. ಮಧ್ಯಾಹ್ನದ ಹೊತ್ತಿಗೆ ಪೇರಿಸಲು ಡಬ್ಬಗಳೇ ಉಳಿದಿರಲಿಲ್ಲ. ಎಲ್ಲವೂ ಯಾರ್ಯಾರದೋ ಚೀಲಗಳಲ್ಲಿ ಮನೆಗೆ ಹೋಗಿದ್ದವು.

ಅವತ್ತು ಸಂಜೆ ಅವಳು ಮನೆಗೆ ಬಂದಾಗ ಕೂದಲೆಲ್ಲ ಬೆವರಿಗೆ ಅಂಟಿಕೊಂಡಿತ್ತು, ಮುಖ ಹಬೆಯಲ್ಲಿ ಬೆಂದ ಹಾಗೆ ಕೆಂಪಾಗಿತ್ತು. "ಅತ್ತಿಗೆ, ನಗು ಬಂದಾಗ ಯಾರೂ ಬೈಲಿಲ್ಲ! ನಕ್ಕಷ್ಟೂ ಚಪ್ಪಾಳೆ! ಈ ಲೋಕದಲ್ಲಿ ಇಂಥಾ ಕೆಲಸ ಇದೆ ಅಂತ ನಂಗೆ ಯಾರೂ ಹೇಳೇ ಇರ್ಲಿಲ್ವಲ್ಲ!" ಎಂದು ನನ್ನನ್ನು ಹಿಡಿದು ಅಡುಗೆಮನೆಯಲ್ಲಿ ಗಿರಗಿರ ತಿರುಗಿಸಿದಳು. ನಮ್ಮತ್ತೆ ಕನ್ನಡಕ ಏರಿಸಿ, "ಮಗಳು ಏನಾಗಿದ್ದಾಳೆ ಅಂತ ಯಾರಾದ್ರೂ ಕೇಳಿದ್ರೆ ನಾನು ಏನೇ ಹೇಳ್ಲಿ?" ಅಂದರು.

ಅಲ್ಲಿಂದ ಮುಂದೆ ಹೊಸ ರುಚಿ ಬಂದಾಗಲೂ, ಹಳೆಯ ರುಚಿಯನ್ನು ಮತ್ತೆ ಮಾರಬೇಕಾದಾಗಲೂ, ವಾರದ ಕೊನೆಯಲ್ಲಿ, ಕಿಸಕ್ಕ ಅಳಿಲಣ್ಣ. ಜೇನು ಕರುಂಗೆ ಬೆನ್ನಿಗೆ ಜೇನುಹುಳದ ರೆಕ್ಕೆ, ನಕ್ಷತ್ರ ಕರುಂಗೆ ಮಿನುಗುವ ಮೇಲಂಗಿ, ದಿಂಬು ಕರುಂಗೆ ಚಾಕೊಲೇಟು ಬಣ್ಣದ ಕೈಗವಸು, ಬಾಳೆಹಣ್ಣಿನ ಕರುಂಗೆ ತಲೆಯ ಮೇಲೆ ಸಿಪ್ಪೆ ಸುಲಿದಂತಿರುವ ಹಳದಿ ಟೋಪಿ. ಇವನ್ನೆಲ್ಲ ಹೊತ್ತು ಊರೂರು ಅಲೆಯುವುದು ಕಂಪನಿಯ ವ್ಯಾನು. ಆ ವ್ಯಾನು ಓಡಿಸುತ್ತಿದ್ದವರು ಗುಮ್ಮಣ್ಣ.

ಅವರಿಗೂ ಬೇರೆ ಹೆಸರಿತ್ತು, ಅದನ್ನೂ ಯಾರೂ ಬಳಸುತ್ತಿರಲಿಲ್ಲ. ಸದಾ ಗುಮ್ಮನೆ ಕೂತಿರುವ ಮನುಷ್ಯ. ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಉದ್ದ ಮುಖ, ದಟ್ಟ ಹುಬ್ಬು. ನಕ್ಕಿದ್ದನ್ನು ಕಂಡವರಿಲ್ಲ. ದಾರಿಯುದ್ದಕ್ಕೂ ಕಿಸಕ್ಕ ಪಟಪಟ ಮಾತಾಡುತ್ತಿದ್ದರೆ ಅವರದು "ಹೂಂ" ಇಲ್ಲವೇ "ಉಹೂಂ". ವ್ಯಾನಿನ ಗೇರು ಕೂಡ ಅವರಿಗಿಂತ ಹೆಚ್ಚು ಮಾತಾಡುತ್ತಿತ್ತಂತೆ.

ಆದರೆ ವೇಷದ ಬೆನ್ನಿನ ಜಿಪ್ ಎಳೆಯಲು ಇನ್ನೊಬ್ಬರು ಬೇಕೇ ಬೇಕು. ಆ ಕೆಲಸ ಅವರ ಪಾಲಿಗೆ ಬಂತು. ಕೂದಲು ಸಿಕ್ಕಿಕೊಳ್ಳದ ಹಾಗೆ, ಒಂದು ಕೈ ಅಡ್ಡ ಹಿಡಿದು, ಮೆಲ್ಲಗೆ ಎಳೆಯುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅಳಿಲಿನ ತಲೆಯನ್ನು ಒಳಗಿಂದ ಒರೆಸಿ, ವ್ಯಾನಿನ ಮುಂದಿನ ಸೀಟಿನಲ್ಲಿ ಬಿಸಿಲಿಗೆ ಇಟ್ಟು, ಬೆಲ್ಟನ್ನೂ ಬಿಗಿಯುತ್ತಿದ್ದರು. ಮಕ್ಕಳು ಜಗ್ಗಿ ಕಿತ್ತ ಬಾಲವನ್ನು ತಾವೇ ಸೂಜಿ ಹಿಡಿದು ಹೊಲಿಯುತ್ತಿದ್ದರು. ಒಂದು ಬೇಸಿಗೆಯಲ್ಲಿ ಕಿಸಕ್ಕನಿಗೆ ಒಳಗೆ ಉಸಿರು ಕಟ್ಟಿದ ಹಾಗಾಯಿತು. ಮುಂದಿನ ವಾರ ನೋಡಿದರೆ ಅಳಿಲಿನ ತಲೆಯೊಳಗೆ, ಬಲಗಿವಿಯ ಹತ್ತಿರ, ಬ್ಯಾಟರಿಯಲ್ಲಿ ತಿರುಗುವ ಒಂದು ಪುಟ್ಟ ಫ್ಯಾನು. ಹಳೆಯ ಆಟಿಕೆಯಿಂದ ಬಿಚ್ಚಿ ಕೂರಿಸಿದ್ದರು.

"ಯಾರು ಹಾಕಿದ್ದು ಅಂದ್ರೆ, 'ಹೂಂ' ಅಂದ್ರು ಅತ್ತಿಗೆ," ಎಂದು ಕಿಸಕ್ಕ ನನ್ನ ಹತ್ತಿರ ಹೇಳಿದಳು. ಹೇಳುವಾಗ ನಗಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಬಟ್ಟಲು ತೊಳೆಯಲು ಎದ್ದುಹೋದಳು. ಆ ಬಟ್ಟಲು ಆಗಲೇ ತೊಳೆದಿತ್ತು.

ಅಷ್ಟರಲ್ಲಿ ಅಕ್ಷರ ಕರುಂ ಬಂತು. ಮಕ್ಕಳು ತಿಂಡಿ ತಿನ್ನುತ್ತಲೇ ಓದು ಕಲಿಯಲಿ ಎಂದು ಅಕ್ಷರಗಳ ಆಕಾರದ ಚಕ್ಕೆ. ಪಾಪ, ಯೋಚನೆಯೇನೋ ಚೆನ್ನಾಗಿತ್ತು. ನಮ್ಮ ಲಿಪಿ ಒಲೆಯಲ್ಲಿ ಬೇಯುವ ಜಾತಿಯದಲ್ಲ. ಒತ್ತಕ್ಷರಗಳು ಬಿಸಿ ತಾಕಿದ ಕೂಡಲೇ ಮುರಿದು ಬೀಳುತ್ತಿದ್ದವು. 'ಅಕ್ಕ' ಬೆಂದು ಹೊರಬರುವಾಗ 'ಅಕ' ಆಗಿರುತ್ತಿದ್ದಳು. ದೀರ್ಘ, ಕೊಂಬುಗಳೆಲ್ಲ ಡಬ್ಬದ ತಳದಲ್ಲಿ ಪುಡಿಯಾಗಿ ಕೂರುತ್ತಿದ್ದವು. ಗಟ್ಟಿಮುಟ್ಟಾಗಿ ಬರುತ್ತಿದ್ದದ್ದು ಠ ಒಂದೇ. ನಮ್ಮ ಮನೆಗೆ ಮೂಟೆಗಟ್ಟಲೆ ಬಂತು. ನನ್ನ ಗಂಡ ಠ ತಿಂದು ತಿಂದು, "ಚೆನ್ನಾಗಿದೆ, ಸ್ವಲ್ಪ ಒಂದೇ ಥರ ಇದೆ" ಅಂದರು. ಅವರ ಬಾಯಿಂದ ಬಂದ ಅತಿ ದೊಡ್ಡ ದೂರು ಅದು.

ಆದರೆ ಗುಮ್ಮಣ್ಣನಿಗೆ ಆ ಡಬ್ಬ ದೇವರೇ ಕಳಿಸಿದಂತೆ ಕಂಡಿತು. ಬಾಯಲ್ಲಿ ಹೇಳಲಾಗದ್ದನ್ನು ಚಕ್ಕೆಯಲ್ಲಿ ಹೇಳಬಹುದಲ್ಲ! ವ್ಯಾನಿನ ಹಿಂದೆ ಕೂತು, ಎಷ್ಟೋ ಡಬ್ಬ ಜಾಲಾಡಿ, ಒತ್ತಕ್ಷರವೇ ಇಲ್ಲದ ಮಾತು ಹುಡುಕಿ, 'ಮದುವೆ ಆಗೋಣವಾ' ಎಂದು ಒಂದು ತಟ್ಟೆಯ ಮೇಲೆ ಜೋಡಿಸಿದರಂತೆ. ಕೊಂಬು ಸಿಗಲಿಲ್ಲ, ಉಂಗುರ ಕರುಂ ಮುರಿದು ಮಾಡಿಕೊಂಡರು. ಓತ್ವಕ್ಕೆ ನಕ್ಷತ್ರ ಕರುಂನ ಎರಡು ಕಾಲು. ಎಲ್ಲವನ್ನೂ ಜೇನು ಹಚ್ಚಿ ಅಂಟಿಸಿದರು. ಅಂಗಡಿಯಲ್ಲಿ ಕುಣಿದು ಸುಸ್ತಾಗಿ ಬಂದ ಕಿಸಕ್ಕನ ಮುಂದೆ, ಒಂದೂ ಮಾತಾಡದೆ, ತಟ್ಟೆ ಹಿಡಿದರು.

"ಅಯ್ಯೋ, ಎಷ್ಟು ಒಳ್ಳೆಯವರಪ್ಪ ನೀವು! ಹೊಟ್ಟೆ ಚುರ್ ಅಂತಿತ್ತು," ಅಂದವಳೇ ಕಿಸಕ್ಕ ತಟ್ಟೆಯನ್ನು ಬಾಯಿಗೆ ಬಗ್ಗಿಸಿ, ಎಲ್ಲವನ್ನೂ ಒಂದೇ ಸಲಕ್ಕೆ ಸುರಿದುಕೊಂಡು ಕರುಂ ಕರುಂ ಅಗಿದಳು. "ಜೇನು ಹಾಕಿದ್ದೀರಲ್ಲ, ಭಾರೀ ರುಚಿ!"

ಗುಮ್ಮಣ್ಣ "ಹೂಂ" ಅಂದರು. ಖಾಲಿ ತಟ್ಟೆ ಒರೆಸಿಟ್ಟರು. ಇದೆಲ್ಲ ನಮಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಆ ವರ್ಷದ ಕೊನೆಗೆ ಕಂಪನಿ ಒಂದು ದೊಡ್ಡ ಡಬ್ಬ ಹೊರತಂದಿತು. ಹೆಸರು 'ಎಲ್ಲಾ ಕರುಂ'. ಇಷ್ಟು ವರ್ಷದ ಎಲ್ಲ ಒಳ್ಳೆಯ ರುಚಿಗಳನ್ನೂ ಅದರಲ್ಲಿ ಕಲಸಿ ತುಂಬಿದ್ದರು. ಬಿಡುಗಡೆ ನಮ್ಮ ಊರಿನ ಅದೇ ದೊಡ್ಡ ಅಂಗಡಿಯಲ್ಲಿ ಅಂತ ನಾನೂ ಅತ್ತೆಯೂ ನೋಡಲು ಹೋದೆವು. ಡಬ್ಬದಲ್ಲಿ ಎಲ್ಲವೂ ಇದೆಯೆಂದ ಮೇಲೆ ವೇಷದಲ್ಲೂ ಎಲ್ಲವೂ ಇರಲಿ ಎಂದಿದ್ದರು ಸಾಹೇಬರು. ಕಿಸಕ್ಕನ ಬೆನ್ನಿಗೆ ರೆಕ್ಕೆ, ಅದರ ಮೇಲೆ ಮೇಲಂಗಿ, ಕೈಗೆ ಗವಸು, ತಲೆಗೆ ಬಾಳೆಹಣ್ಣಿನ ಟೋಪಿ, ಟೋಪಿಯ ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿ. ಬಾಗಿಲಲ್ಲಿ ಅಡ್ಡ ತಿರುಗಿ ಬರಬೇಕಾಯಿತು. ಅತ್ತೆ ಒಂದು ಕುರ್ಚಿ ಹಿಡಿದು ಕೂತು, "ಇವಳೇನು ಅಳಿಲೋ, ಮನೆ ಖಾಲಿ ಮಾಡ್ಕೊಂಡು ಹೊರಟಿರೋ ಸಂಸಾರನೋ?" ಅಂದರು.

ನಡುವೆ ಸ್ವಲ್ಪ ಬಿಡುವು ಸಿಕ್ಕಿತು. ಅವಳಿಗೆ ನೀರು ಕೊಡೋಣವೆಂದು ಬಾಟಲಿ ಹಿಡಿದು ನಾನು ಅಂಗಡಿಯ ಹಿಂದಿನ ಸಾಮಾನು ಕೋಣೆಗೆ ಹೋದೆ. ಪೇರಿಸಿಟ್ಟ ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ ಅಳಿಲು ಒಂದು ಸ್ಟೂಲಿನ ಮೇಲೆ ಕೂತಿತ್ತು. ಎದುರಿಗೆ ಗುಮ್ಮಣ್ಣ, ಕ್ಯಾಪು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಮಾತಾಡುತ್ತಿದ್ದರು! ನಾನು ಪೆಟ್ಟಿಗೆಗಳ ಈಚೆಗೇ ನಿಂತುಬಿಟ್ಟೆ.

"ಅಳಿಲಣ್ಣ," ಅನ್ನುತ್ತಿದ್ದರು ಅವರು, "ನಿಮ್ಮ ಒಳಗೆ ಒಬ್ರು ಇದ್ದಾರಲ್ಲ, ಅವರಿಗೊಂದು ಮಾತು ಮುಟ್ಟಿಸ್ಬೇಕಿತ್ತು. ಮುಖ ನೋಡ್ಕೊಂಡು ಹೇಳೋಕೆ ನನ್ನ ಕೈಲಾಗಲ್ಲ. ಅವರು ನಗ್ತಾರೆ. ನಗಲಿ, ಅದೇನೂ ಪರವಾಗಿಲ್ಲ, ಆ ನಗು ಕೇಳೋಕೇ ನಾನು ವಾರವಿಡೀ ಕಾಯೋದು. ಆದ್ರೆ ಈ ಒಂದು ಮಾತಿಗೆ ನಕ್ಕುಬಿಟ್ರೆ ನಾನು ವ್ಯಾನ್ ತಗೊಂಡು ಎಲ್ಲಾದ್ರೂ ದೂರ ಹೊರಟುಹೋಗ್ಬೇಕಾಗತ್ತೆ. ವ್ಯಾನ್ ಬೇರೆ ಕಂಪನೀದು."

ಉಸಿರು ತೆಗೆದುಕೊಂಡರು. ಕ್ಯಾಪನ್ನು ಹಿಂಡಿದರು.

"ನನ್ನನ್ನ ಮದುವೆ ಆಗ್ತಾರಾ ಅಂತ ಸ್ವಲ್ಪ ಕೇಳಿ ಅಳಿಲಣ್ಣ. ಹೋದ ಸಲ ಬರೆದುಕೊಟ್ಟಿದ್ದೆ. ತಿಂದುಬಿಟ್ರು."

ನನ್ನ ಕೈಯಲ್ಲಿದ್ದ ಬಾಟಲಿ ಜಾರಿತು, ಮೊಣಕಾಲಲ್ಲಿ ಹಿಡಿದೆ. ಈಗ ಬರುತ್ತದೆ ನಗು, ಈಗ ಭುಜ ಹಾರುತ್ತದೆ ಎಂದು ಕಾದೆ. ಭುಜ ಹಾರಲಿಲ್ಲ. ಹೊಟ್ಟೆ ಅಲ್ಲಾಡಲಿಲ್ಲ. ಬಾಲದ ತುದಿಯ ಒಂದು ಕೂದಲೂ ಕದಲಲಿಲ್ಲ. ಅಳಿಲು ಕೂತ ಹಾಗೇ ಕೂತಿತ್ತು, ಗಾಜಿನ ಕಣ್ಣು ಬಿಟ್ಟುಕೊಂಡು.

ಗುಮ್ಮಣ್ಣ ಸ್ವಲ್ಪ ಹೊತ್ತು ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಅವಳು ನಗದೆ ಇರುವುದನ್ನು ಅವರು ಕಂಡೇ ಇರಲಿಲ್ಲ.

"ಅಯ್ಯಯ್ಯೋ! ಜ್ಞಾನ ತಪ್ಪಿದೆ! ಯಾರಾದ್ರೂ ಬನ್ರೋ!"

ಆ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ಯಾರಿಗೆ ಗೊತ್ತಿತ್ತು! ಶೆಲ್ಫಿನ ಮೇಲಿನ ಬಾಟಲಿಗಳು ಕಿಣಿಕಿಣಿ ಅಂದವು. ನಾನು ಓಡಿದೆ, ಅಂಗಡಿಯವರು ಓಡಿಬಂದರು, ಸಾಹೇಬರು ಓಡಿಬಂದರು, ಅವರ ಹಿಂದೆ ಮಕ್ಕಳ ದಂಡು, ಮಕ್ಕಳ ಹಿಂದೆ ಕುರ್ಚಿಯನ್ನೂ ಎಳೆದುಕೊಂಡೇ ನಮ್ಮತ್ತೆ. ನಾಲ್ಕು ಜನ ಗಂಡಸರು ಅಳಿಲನ್ನು ಅನಾಮತ್ತಾಗಿ ಎತ್ತಿ, ಗಾಳಿ ಆಡಲಿ ಎಂದು ಅಂಗಡಿಯ ಮುಂಬಾಗಿಲಿಗೆ ಹೊತ್ತುಕೊಂಡು ನಡೆದರು. ಆಗ ಅಳಿಲು ಕೈಕಾಲು ಬಡಿಯತೊಡಗಿತು.

"ನೋಡಿ, ನೋಡಿ, ಫಿಟ್ಸ್ ಬಂದಿದೆ! ಗಟ್ಟಿಯಾಗಿ ಹಿಡ್ಕೊಳ್ಳಿ!" ಎಂದು ಯಾರೋ ಕೂಗಿದರು. ಹಿಡಿದುಕೊಂಡರು. ಅಳಿಲು ಒದೆಯಿತು. ಒಂದು ರೆಕ್ಕೆ ಕಿತ್ತು ಸಾಹೇಬರ ಕೈಗೆ ಬಂತು.

ತಲೆ ತೆಗೆಯೋಣವೆಂದರೆ ಟೋಪಿಯ ಪಟ್ಟಿ ಕಗ್ಗಂಟಾಗಿತ್ತು. ಗುಮ್ಮಣ್ಣ ನೆಲದ ಮೇಲೆ ಮಂಡಿಯೂರಿ, ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದರು. ಪಟ್ ಎಂದು ತಲೆ ಕಳಚಿತು. ಒಳಗಿಂದ ಕೆದರಿದ ಕೂದಲಿನ, ಕೆಂಡದಂತೆ ಕೆಂಪಾದ ಕಿಸಕ್ಕನ ಮುಖ ಹೊರಬಂತು.

"ಹೂಂ ಅಂದೆನಲ್ರೀ!" ಎಂದು ಅವಳು ಗುಮ್ಮಣ್ಣನ ಮುಖಕ್ಕೇ ಕಿರುಚಿದಳು. "ಹೂಂ, ಹೂಂ, ಹೂಂ ಅಂತ ಬಡ್ಕೊಂಡೆ! ನೀವು ಹಾಕಿರೋ ಆ ಫ್ಯಾನು ಗುರ್ ಅಂತಿದ್ರೆ ಯಾರಿಗೆ ಕೇಳ್ಸತ್ತೆ!"

ರೆಕ್ಕೆ ಹಿಡಿದು ನಿಂತಿದ್ದ ಸಾಹೇಬರು, "ಹೂಂ ಅಂತ… ಯಾವುದಕ್ಕೆ?" ಅಂದರು.

ಅದಕ್ಕೆ ಉತ್ತರ ಬರುವ ಮುಂಚೆ ಒಬ್ಬ ಪೋರ ಬೆರಳು ತೋರಿಸಿ ಕೂಗಿಕೊಂಡ: "ಅಳಿಲಣ್ಣನ ಒಳಗೆ ಅಜ್ಜಿ ಇದಾರೆ!"

"ಅಜ್ಜಿ ಅಲ್ಲ ಮರಿ," ಅಂದಳು ಕಿಸಕ್ಕ. "ಮದುಮಗಳು!"

ಗುಮ್ಮಣ್ಣ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಆಮೇಲೆ ಅವರ ಎದೆಯೊಳಗಿಂದ ವಿಚಿತ್ರವಾದ ಸದ್ದು ಹೊರಟಿತು. ಚಳಿಗಾಲದ ಬೆಳಿಗ್ಗೆ ಹಳೇ ವ್ಯಾನು ಸ್ಟಾರ್ಟ್ ಮಾಡಿದರೆ ಹೇಗೋ ಹಾಗೆ, ಎರಡು ಸಲ ಗೊರಗೊರ ಅಂದು ನಿಂತಿತು, ಮೂರನೇ ಸಲಕ್ಕೆ ಹತ್ತಿಕೊಂಡಿತು. ಗುಮ್ಮಣ್ಣ ನಗುತ್ತಿದ್ದರು! ಅವರು ನಕ್ಕದ್ದು ನೋಡಿ ಕಿಸಕ್ಕನಿಗೆ ಸೀಟಿ ಬಂತು, ಭುಜ ಬಂತು, ಕೊರಳಿಂದ ಕೆಳಗೆ ಅಳಿಲಾಗಿಯೇ ಇದ್ದದ್ದರಿಂದ ಬಾಲವೂ ಬಂತು. ಆ ಬಾಲ ಸಾಹೇಬರ ಕನ್ನಡಕ ಹಾರಿಸಿತು. ಅದಾದ ಮೇಲೆ ಯಾರು ಯಾಕೆ ನಗುತ್ತಿದ್ದಾರೆಂದು ಯಾರಿಗೂ ತಿಳಿಯದ ಹಾಗೆ ಇಡೀ ಅಂಗಡಿ ನಕ್ಕಿತು. ನಮ್ಮತ್ತೆ ನನ್ನ ತೋಳು ಹಿಡಿದು, "ಯಾರೇ? ಆ ಮಾತಾಡದ ಹುಡುಗನಾ?" ಅಂದರು. ಹುಡುಗನ ಅರ್ಧ ತಲೆ ನರೆತಿತ್ತು. "ಒಳ್ಳೇದಾಯ್ತು ಬಿಡು. ಮನೇಲಿ ಒಬ್ಬರಾದ್ರೂ ಸುಮ್ನಿರ್ಬೇಕು" ಎಂದು ಕಣ್ಣೊರೆಸಿಕೊಂಡರು.

ಒಂದು ಮಗು ಮಾತ್ರ ಮೂತಿ ಉಬ್ಬಿಸಿ ಅಳಲು ಸಿದ್ಧವಾಗಿತ್ತು. "ಹಾಗಾದ್ರೆ ಅಳಿಲಣ್ಣ ಎಲ್ಲಿ?"

ಕಿಸಕ್ಕ ನಗು ನುಂಗಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಕಾಳು ತರೋಕೆ ಹೋಗಿದ್ದಾನೆ ಪುಟ್ಟ. ಅಲ್ಲೀವರೆಗೆ ಅವನ ಕೋಟು ಕಳೆದುಹೋಗ್ದೇ ಇರ್ಲಿ ಅಂತ ನಾನು ಹಾಕ್ಕೊಂಡಿದೀನಿ."

ಮಗು ಯೋಚಿಸಿತು. "ಅವನಿಗೆ ಚಳಿ ಆಗಲ್ವಾ?"

"ಅದಕ್ಕೇ ಓಡ್ತಾ ಹೋಗಿದ್ದಾನೆ."

ಮಗು ಒಪ್ಪಿತು.

ಮನೆಗೆ ಬಂದ ಮೇಲೆ ನಾನು ಅವಳನ್ನು ಕೇಳಿದೆ, "ಅಲ್ವೇ, ಎಲ್ಲದಕ್ಕೂ ನಗೋಳು ಅದಕ್ಕೆ ಮಾತ್ರ ಹೇಗೆ ನಗ್ಲಿಲ್ಲ?"

"ನಗೋಕೆ ಪುರುಸೊತ್ತೆಲ್ಲಿತ್ತು ಅತ್ತಿಗೆ? ಹೂಂ ಅನ್ನೋ ಗಡಿಬಿಡೀಲಿದ್ದೆ."

ಸಾಹೇಬರಿಗೆ ಸಿಟ್ಟು ಬಾರದೆ ಇರಲಿಲ್ಲ. ಮಕ್ಕಳ ಎದುರು ಅಳಿಲಿನ ತಲೆ ಕಳಚುವುದೆಂದರೆ ಕಂಪನಿಯ ಮಾನ ಕಳಚಿದ ಹಾಗೆ ಎಂದು ಅವಳನ್ನು ಪ್ಯಾಕಿಂಗ್ ಕೋಣೆಗೆ ವಾಪಸು ಕಳಿಸಿ, ವೇಷಕ್ಕೆ ಒಬ್ಬ ಕಾಲೇಜು ವಿದ್ಯಾರ್ಥಿನಿಯನ್ನು ಹಾಕಿದರು. ಆ ಹುಡುಗಿ ಅಂದವಾಗಿ ಕುಣಿಯುತ್ತಿದ್ದಳು. ಆದರೆ ಮಕ್ಕಳು ಅವಳ ಹೊಟ್ಟೆ ಮುಟ್ಟಿ ನೋಡಿ, "ಅಳಿಲಣ್ಣಂಗೆ ಜ್ವರ ಬಂದಿದೆ, ಅಲ್ಲಾಡ್ತಾನೇ ಇಲ್ಲ" ಎಂದು ಮನೆಗೆ ಹೋಗತೊಡಗಿದರು. ಒಂದು ಅಂಗಡಿಯಲ್ಲಂತೂ ಯಾವುದೋ ಮಗು ಕೆಮ್ಮಿನ ಔಷಧಿಯ ಬಾಟಲಿಯನ್ನೇ ತಂದುಕೊಟ್ಟಿತಂತೆ. ಸಾಹೇಬರು ಮತ್ತೆ ಟೈ ಹಾರಿಸಿಕೊಂಡು ಪ್ಯಾಕಿಂಗ್ ಕೋಣೆಗೆ ಬಂದರು. ಕಿಸಕ್ಕ ಒಪ್ಪಿದಳು, ಬಾಳೆಹಣ್ಣಿನ ಟೋಪಿ ಮಾತ್ರ ಇನ್ನು ಬೇಡವೆಂದಳು.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಅಧಿಕಾರಿ ಕನ್ನಡಕದ ಮೇಲಿಂದ ನೋಡಿ "ನಿಮಗೆ ಒಪ್ಪಿಗೆ ಇದೆಯೇ?" ಎಂದು ಕೇಳಿದರು. ಇನ್ನೊಮ್ಮೆ ಕೇಳಿಸದೆ ಹೋದರೆ ಎಂಬ ಭಯಕ್ಕೆ ಕಿಸಕ್ಕ "ಹೂಂ!" ಎಂದು ಕೂಗಿದ ಕೂಗಿಗೆ ಪಕ್ಕದ ಕೋಣೆಯ ಗುಮಾಸ್ತರೆಲ್ಲ ಎದ್ದುಬಂದರು. ಗುಮ್ಮಣ್ಣನನ್ನು ಕೇಳಿದಾಗ ಅವರು ಹೂಂ ಅನ್ನಲಿಲ್ಲ. "ಒಪ್ಪಿಗೆ ಸಾರ್, ಪೂರ್ತಿ ಒಪ್ಪಿಗೆ, ಮೊದಲನೇ ದಿನ ಜಿಪ್ ಎಳೆದಾಗಿನಿಂದಾನೂ ಒಪ್ಪಿಗೆ" ಎಂದು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಅಧಿಕಾರಿ ಗಂಟೆ ಒತ್ತಬೇಕಾಯಿತು.

ಅಲ್ಲಿಂದ ಹಿಡಿದ ಮಾತು ಇವತ್ತಿಗೂ ನಿಂತಿಲ್ಲ. ಐವತ್ತು ವರ್ಷ ಕೂಡಿಟ್ಟದ್ದನ್ನೆಲ್ಲ ಈಗ ಖಾಲಿ ಮಾಡುತ್ತಿದ್ದಾರೆ. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಅವರಿಬ್ಬರ ಎರಡು ಕೋಣೆಯ ಮನೆ. ಹೋದ ಭಾನುವಾರ ಬೆಳಿಗ್ಗೆ ನಾನು ಹೋದಾಗ ಇಬ್ಬರೂ ಊಟದ ಮೇಜಿನ ಎದುರುಬದುರು ಕೂತು ಜಗಳವಾಡುತ್ತಿದ್ದರು. ಬಟ್ಟಲಿಗೆ ಮೊದಲು ಹಾಲು ಹಾಕಬೇಕೋ, ಮೊದಲು ಕರುಂ ಹಾಕಬೇಕೋ ಎಂಬುದು ವಿಷಯ.

"ಅತ್ತಿಗೆ, ನೀವೇ ಹೇಳಿ," ಅಂದಳು ಕಿಸಕ್ಕ. "ಹಾಲು ಮೊದಲು ಹಾಕಿದ್ರೆ ಚಕ್ಕೆ ತೇಲ್ತಾ ಇರತ್ತೆ, ಗರಿಗರಿಯಾಗಿರತ್ತೆ. ಇವರು ಮೇಲಿಂದ ಸುರಿದು ಎಲ್ಲಾ ಮುಳುಗಿಸಿ ಸಾಯಿಸ್ತಾರೆ."

"ಅಕ್ಕ, ನ್ಯಾಯ ಹೇಳಿ," ಅಂದರು ಗುಮ್ಮಣ್ಣ. "ಹಾಲು ಮೊದಲು ಹಾಕಿದ್ರೆ ಎಷ್ಟು ಕರುಂ ಬೇಕು ಅಂತ ಹೇಗೆ ಗೊತ್ತಾಗತ್ತೆ? ಇವಳು ಹಾಲು ಉಳೀತು ಅಂತ ಕರುಂ ಹಾಕ್ತಾಳೆ, ಕರುಂ ಉಳೀತು ಅಂತ ಹಾಲು ಹಾಕ್ತಾಳೆ, ಮಧ್ಯಾಹ್ನ ಆದ್ರೂ ತಿಂಡಿ ಮುಗಿಯಲ್ಲ…"

ತೀರ್ಪು ಕೊಡಬೇಕಾದವಳು ರುಚಿ ನೋಡಬೇಡವೇ? ನಾನು ಅವಳ ಬಟ್ಟಲಿನಿಂದ ಒಂದು ಚಮಚ ತೆಗೆದುಕೊಂಡೆ. ಅವರ ಬಟ್ಟಲಿನಿಂದ ಒಂದು. ಮತ್ತೆ ಅವಳದು. ಮತ್ತೆ ಅವರದು. ಎರಡೂ ಖಾಲಿಯಾಗುವವರೆಗೆ ತಿಂದು, ಎರಡನ್ನೂ ತೊಳೆದಿಟ್ಟು, ಬಾಗಿಲೆಳೆದುಕೊಂಡು ಹೊರಟೆ. ಅವರಿಬ್ಬರೂ ಗಮನಿಸಲೇ ಇಲ್ಲ.